ಕಂಬಳಿ ಸುತ್ತಿದ್ರೂ ಲೋಟ ಯಾಕೆ ತಣ್ಣಗಾಯ್ತು?

ಓದುಗರ ಪ್ರಶ್ನೆ, ವಿಜ್ಞಾನ ಮೇಷ್ಟ್ರ ಉತ್ತರ

ಈ ತಿಂಗಳು ಬಂದಿರೋ ಪತ್ರಗಳನ್ನ ಮುಂದಿಟ್ಕೊಂಡು ಕೂತ್ರೆ ಅರ್ಧಕ್ಕರ್ಧ ಬಿಸಿನೀರು, ಲೋಟ, ಥರ್ಮಾಮೀಟರ್ ವಿಷಯಾನೇ. ಶಾಲೆಗಳಲ್ಲಿ ಉಷ್ಣದ ಪಾಠ ನಡೀತಿರೋ ಹೊತ್ತು ಅನ್ಸತ್ತೆ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಸಲ ಪೂರ್ತಿ ಜಾಗ ಇದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿ ಶಾಲೇಲಿ ವಿಜ್ಞಾನ ಟೀಚರ್. ಏಳನೇ ಕ್ಲಾಸಿನ ಮಕ್ಕಳಿಗೆ ಉಷ್ಣ ನಿರೋಧಕ (ಬಿಸಿ ದಾಟದ ಹಾಗೆ ತಡೆಯೋ ವಸ್ತು) ಅಂದ್ರೇನು ಅಂತ ತೋರಿಸೋಣ ಅಂತ ನಾಲ್ಕು ಸ್ಟೀಲ್ ಲೋಟ ತಗೊಂಡು ಒಂದಕ್ಕೆ ಕಂಬಳಿ ತುಂಡು, ಒಂದಕ್ಕೆ ನ್ಯೂಸ್‌ಪೇಪರ್, ಒಂದಕ್ಕೆ ತೆಳು ಬಟ್ಟೆ ಸುತ್ತಿ ನಾಲ್ಕನೇದನ್ನ ಹಾಗೇ ಬಿಟ್ಟು ಬಿಸಿನೀರು ಹಾಕಿದ್ವಿ. 20 ನಿಮಿಷ ಬಿಟ್ಟು ನೋಡಿದ್ರೆ ನಾಲ್ಕೂ ಹೆಚ್ಚುಕಮ್ಮಿ ಒಂದೇ, ಎರಡು ಮೂರು ಡಿಗ್ರಿ ವ್ಯತ್ಯಾಸ ಅಷ್ಟೇ. ಅದರಲ್ಲೂ ಬಟ್ಟೆ ಸುತ್ತಿದ ಲೋಟ ಬರೀ ಲೋಟಕ್ಕಿಂತ ಬೇಗ ತಣ್ಣಗಾಗಿತ್ತು! ಮಕ್ಕಳು ನನ್ನ ಮುಖ ನೋಡಿದ್ರು, ನನಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಎಲ್ಲಿ ತಪ್ಪಾಯ್ತು?

ಉತ್ತರ: ಟೀಚರ್, ಆ ರೀಡಿಂಗ್‌ಗಳನ್ನ ಅಳಿಸಿಲ್ಲ ತಾನೆ? ದಯವಿಟ್ಟು ಅಳಿಸ್ಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಇದೇ ಪ್ರಯೋಗ ಮಾಡ್ಸಿದ್ದೆ, ನಿಮಗಾದ ಹಾಗೇ ಆಯ್ತು, ನಾನು ಗಾಬರಿಯಾಗಿ ಥರ್ಮಾಮೀಟರ್ ಕೆಟ್ಟಿದೆ ಇದನ್ನ ಬರ್ಕೊಳಿ ಅಂತ ಪುಸ್ತಕಕ್ಕೆ ಹೊಂದೋ ಅಂಕಿಗಳನ್ನ ಬೋರ್ಡ್ ಮೇಲೆ ನಾನೇ ಬರೆದುಬಿಟ್ಟೆ. ಮಕ್ಕಳು ಒಂದು ಮಾತಾಡದೆ ಬರ್ಕೊಂಡ್ರು. ಥರ್ಮಾಮೀಟರ್ ಸರಿಯಾಗೇ ಇತ್ತು. ಕಣ್ಣಾರೆ ನೋಡಿದ್ದಕ್ಕಿಂತ ಬೋರ್ಡ್ ಮೇಲಿರೋದೇ ನಿಜ ಅಂತ ಆವತ್ತು ನಾನು ಅವರಿಗೆ ಕಲಿಸಿದೆ, ಅದು ಇವತ್ತಿಗೂ ಮನಸ್ಸಲ್ಲಿ ಕೊರೀತಾ ಇರತ್ತೆ. ನೀವು ಅಂಕಿ ತಿದ್ದದೆ ಪತ್ರ ಬರೆದ್ರಿ, ಅದಕ್ಕೆ ನನಗೆ ತುಂಬಾ ಸಂತೋಷ ಆಯ್ತು.

ಈಗ ವಿಷಯಕ್ಕೆ ಬರ್ತೀನಿ. ಲೋಟಕ್ಕೆ ಮುಚ್ಚಳ ಹಾಕಿದ್ರಾ? ಪತ್ರದಲ್ಲಿ ಆ ಮಾತಿಲ್ಲ, ಹಾಗಾಗಿ ಬಾಯಿ ತೆರೆದೇ ಇತ್ತು ಅಂದ್ಕೊಂಡು ಹೇಳ್ತೀನಿ. ಬಿಸಿನೀರಿನ ಮೇಲೆ ಹಬೆ ಏಳತ್ತಲ್ಲ, ಅದು ಹೋಗ್ತಾ ಹೋಗ್ತಾ ಸಿಕ್ಕಾಪಟ್ಟೆ ಬಿಸಿ ಹೊತ್ಕೊಂಡು ಹೋಗತ್ತೆ. ಲೆಕ್ಕ ಹಾಕಿ ನೋಡಿ, 200 ಗ್ರಾಂ ನೀರು ಒಂದು ಡಿಗ್ರಿ ಇಳಿಬೇಕು ಅಂದ್ರೆ ಸುಮಾರು 840 ಜೂಲ್ (ಶಕ್ತಿನ ಅಳೆಯೋ ಮಾನ) ಬಿಸಿ ಹೊರಗೆ ಹೋಗ್ಬೇಕು. ಆದ್ರೆ ಒಂದೇ ಒಂದು ಗ್ರಾಂ ನೀರು ಆವಿಯಾದ್ರೆ ಸುಮಾರು 2300 ಜೂಲ್ ಹೋಯ್ತು. ಅಂದ್ರೆ ಒಂದು ಗ್ರಾಂ ಹಬೆ ಹೋದ್ರೆ ಉಳಿದ ನೀರು 2.7 ಡಿಗ್ರಿ ಇಳೀತು, ಐದು ಗ್ರಾಂ ಹೋದ್ರೆ 13-14 ಡಿಗ್ರಿ. ಸಣ್ಣ ಲೋಟದಲ್ಲಿ ಕುದಿಯೋಕೆ ಹತ್ರ ಇರೋ ನೀರು ಇಟ್ರೆ ಪಕ್ಕದ ಗೋಡೆಯಿಂದ ಹೋಗೋ ಬಿಸಿಗಿಂತ ಮೇಲಿನ ಬಾಯಿಂದ ಹೋಗೋದೇ ಜಾಸ್ತಿ. ನಾಲ್ಕೂ ಲೋಟದ ಬಾಯಿ ಒಂದೇ ಅಳತೆ, ನಾಲ್ಕರಿಂದಲೂ ಹಬೆ ಒಂದೇ ಲೆಕ್ಕದಲ್ಲಿ ಹೋಯ್ತು, ಅದಕ್ಕೇ ನಾಲ್ಕೂ ಜೊತೆಜೊತೆಗೇ ತಣ್ಣಗಾದ್ವು. ಕಂಬಳಿ ತನ್ನ ಕೆಲಸ ಮಾಡ್ತಾನೇ ಇತ್ತು, ಆದ್ರೆ ಅಗಲವಾಗಿ ತೆರೆದಿರೋ ಬಾಗಿಲ ಪಕ್ಕದ ಕಿಟಕಿಗೆ ಅದು ಪರದೆ ಆಗಿತ್ತು.

ಇದನ್ನ ಮಕ್ಕಳಿಗೆ ಬಾಯಲ್ಲಿ ಹೇಳ್ಬೇಡಿ, ತೋರ್ಸಿ. ಬಿಸಿಯೂಟದ ಅಡುಗೆಮನೇಲೋ ಯಾರಾದ್ರೂ ಟೀಚರ್ ಮನೇಲೋ ಒಂದು ಗ್ರಾಂ ತೋರ್ಸೋ ಸಣ್ಣ ತೂಕದ ಮಷೀನು ಸಿಗತ್ತೆ. ಲೋಟನ ಬಿಸಿನೀರಿನ ಸಮೇತ ಅದರ ಮೇಲಿಟ್ಟು ಬಿಡಿ, ಅಂಕಿ ತಾನಾಗೇ ಇಳಿಯೋದನ್ನ ಮಕ್ಕಳು ನೋಡ್ಲಿ. ಯಾರೂ ಮುಟ್ಟದೆ ಲೋಟದ ತೂಕ ಕಮ್ಮಿ ಆಗ್ತಿದೆ ಅಂದ್ರೆ ಆ ಮಕ್ಕಳ ಕಣ್ಣು ಹೆಂಗೆ ಅರಳತ್ತೆ ಅಂತ ನೀವೇ ನೋಡ್ತೀರಿ. ಆಮೇಲೆ ಒಂದು ಸ್ಟೀಲ್ ತಟ್ಟೆ ಮುಚ್ಚಿ, ಅಂಕಿ ಇಳಿಯೋದು ಹತ್ರಹತ್ರ ನಿಲ್ಲತ್ತೆ.

ಇನ್ನು ಆ ಬಟ್ಟೆ ಸುತ್ತಿದ ಲೋಟ. ಅದನ್ನ ಓದಿದಾಗ ನನಗೆ ನಿಜವಾಗ್ಲೂ ಮೈ ಜುಂ ಅಂತು. ಮೊದ್ಲು ಒಂದು ಚೆಕ್ ಮಾಡಿ, ನೀರು ಹಾಕುವಾಗ ಚೆಲ್ಲಿ ಬಟ್ಟೆ ಒದ್ದೆ ಆಗಿತ್ತಾ? ಆಗಿದ್ರೆ ಕಥೆ ಅಲ್ಲಿಗೇ ಮುಗೀತು, ಒದ್ದೆ ಬಟ್ಟೆ ತಣ್ಣಗೆ ಮಾಡೋಕೇ ಇರೋದು. ಒಣಗಿತ್ತು ಅಂದ್ರೆ ನಿಮ್ಮ ಮಕ್ಕಳು ನೋಡಿದ್ದನ್ನೇ ಎರಡು ಶತಮಾನದ ಹಿಂದೆ ಕೌಂಟ್ ರಮ್‌ಫೋರ್ಡ್ ನೋಡಿದ್ದ. ಅವನ ಹೆಸರು ಬೆಂಜಮಿನ್ ಥಾಮ್ಸನ್, ಅಮೆರಿಕಾದಲ್ಲಿ ಹುಟ್ಟಿ ಜರ್ಮನಿಯ ಬವೇರಿಯಾ ದೊರೆ ಹತ್ರ ಕೆಲಸಕ್ಕಿದ್ದವನು, ಬಟ್ಟೆ, ತುಪ್ಪಳ, ಗರಿ ಇವೆಲ್ಲ ಮೈನ ಹೆಂಗೆ ಬೆಚ್ಚಗಿಡ್ತಾವೆ ಅಂತ ಅಳೆದು ನೋಡಿ ಅವುಗಳ ಮಧ್ಯೆ ಸಿಕ್ಕಿಹಾಕ್ಕೊಂಡ ಗಾಳಿಯೇ ಕಾರಣ ಅಂತ 1792ರಲ್ಲೇ ಬರೆದಿದ್ದ. ಅದೇ ಮನುಷ್ಯ ಆಮೇಲೆ ಒಂದೇ ಥರದ ಎರಡು ಹೊಳೆಯೋ ಹಿತ್ತಾಳೆ ಪಾತ್ರೆಗೆ ಬಿಸಿನೀರು ಹಾಕಿ ಒಂದಕ್ಕೆ ಬಿಗಿಯಾಗಿ ತೆಳು ಲಿನನ್ ಬಟ್ಟೆ ತೊಡಿಸಿದ, ಇನ್ನೊಂದನ್ನ ಬರಿದೇ ಬಿಟ್ಟ. ಬಟ್ಟೆ ತೊಟ್ಟಿದ್ದೇ ಬೇಗ ತಣ್ಣಗಾಯ್ತು. ಅದನ್ನ ಮುಚ್ಚಿಡದೆ 1804ರಲ್ಲಿ ಪ್ರಕಟಿಸಿದ.

ಕಾರಣ ಏನಂದ್ರೆ ಹೊಳೆಯೋ ಲೋಹ ಬಿಸಿನ ವಿಕಿರಣದ ರೂಪದಲ್ಲಿ, ಅಂದ್ರೆ ಬೆಂಕಿ ಮುಂದೆ ಕೂತಾಗ ಮುಟ್ಟದೇನೇ ಮುಖಕ್ಕೆ ಬಿಸಿ ತಾಕತ್ತಲ್ಲ ಹಾಗೆ, ಹೊರಗೆ ಬಿಡೋದು ತುಂಬಾ ಕಮ್ಮಿ, ಬಟ್ಟೆ ಪೇಪರ್ ಚರ್ಮ ಇವೆಲ್ಲ ಧಾರಾಳವಾಗಿ ಬಿಡ್ತಾವೆ. ತೆಳು ಬಟ್ಟೆನ ಬಿಗಿಯಾಗಿ ಸುತ್ತಿದ್ರೆ ಅದರಲ್ಲಿ ಹಿಡಿದಿಡೋ ಗಾಳಿ ಎಷ್ಟು ತಾನೆ ಇರತ್ತೆ, ತಡೆಯೋದು ಸ್ವಲ್ಪ, ವಿಕಿರಣವಾಗಿ ಕಳ್ಕೊಳ್ಳೋದು ಜಾಸ್ತಿ ಆಗಿ ಒಟ್ಟಿನಲ್ಲಿ ನಷ್ಟ. ಬಟ್ಟೆ ದಪ್ಪ ಆಗ್ತಾ ಹೋದ ಹಾಗೆ ಲೆಕ್ಕ ತಿರುಗತ್ತೆ. ನಂಬಿಕೆ ಬರ್ಬೇಕಾದ್ರೆ ಒಂದು ಹಳೇ ಲೋಟದ ಹೊರಮೈಗೆ ದೀಪದ ಮಸಿ ಹಿಡಿಸಿ, ಇನ್ನೊಂದನ್ನ ಬೂದಿ ಹಾಕಿ ಫಳಫಳ ತಿಕ್ಕಿ, ಎರಡಕ್ಕೂ ಮುಚ್ಚಳ ಮುಚ್ಚಿ ಪಕ್ಕಪಕ್ಕ ಇಡಿ. ಮಸಿ ಲೋಟ ಮುಂಚೆ ತಣ್ಣಗಾಗತ್ತೆ.

ಮತ್ತೆ ಮಾಡ್ಸುವಾಗ ನನ್ನ ಅನುಭವದಲ್ಲಿ ಚೆನ್ನಾಗಿ ಬರೋ ವಿಧಾನ ಹೇಳ್ತೀನಿ. ಲೋಟದ ಸುತ್ತ ಬಟ್ಟೆ ಕಟ್ಟೋ ಬದಲು ಸಣ್ಣ ಲೋಟನ ದೊಡ್ಡ ಪ್ಲಾಸ್ಟಿಕ್ ಡಬ್ಬದ ನಡುವೆ ಕೂರ್ಸಿ, ಸುತ್ತಲೂ ಕೆಳಗೂ ಎರಡು ಬೆರಳು ಜಾಗ ಬಿಡಿ, ಆ ಜಾಗಕ್ಕೆ ಒಂದೊಂದು ಗುಂಪು ಒಂದೊಂದು ವಸ್ತು ತುಂಬ್ಲಿ. ಭತ್ತದ ಹೊಟ್ಟು, ಮರದ ಪುಡಿ, ಅರಳೆ, ತೆಂಗಿನ ನಾರು, ಕಂಬಳಿ ಚೂರು, ಉಂಡೆ ಮಾಡಿದ ನ್ಯೂಸ್‌ಪೇಪರ್, ಒಣ ಮರಳು, ಒಂದಕ್ಕೆ ನೀರು, ಒಂದಕ್ಕೆ ಏನೂ ಇಲ್ಲ. ಎಲ್ಲರದ್ದೂ ದಪ್ಪ ಒಂದೇ ಆಯ್ತು ನೋಡಿ, ಇಲ್ಲಾಂದ್ರೆ ದಪ್ಪ ಕಂಬಳಿಗೂ ತೆಳು ಪೇಪರ್‌ಗೂ ಓಟ ಕಟ್ಟಿದ ಹಾಗಾಗತ್ತೆ. ಲೋಟಕ್ಕೆ ಮುಚ್ಚಳ ಕಡ್ಡಾಯ, ರಟ್ಟಿನಲ್ಲಿ ಕತ್ತರಿಸಿ ಥರ್ಮಾಮೀಟರ್ ತೂರೋಷ್ಟು ತೂತು ಮಾಡಿದ್ರೆ ಸಾಕು. ಡಬ್ಬಗಳನ್ನ ಕಲ್ಲಿನ ಕಟ್ಟೆ ಮೇಲೆ ಇಡ್ಬೇಡಿ, ಮರದ ಬೆಂಚ್ ಇರ್ಲಿ, ಫ್ಯಾನ್ ಆಫ್ ಮಾಡ್ಸಿ.

ಥರ್ಮಾಮೀಟರ್ ವಿಷಯ ತುಂಬಾ ಜನ ಮರೀತಾರೆ. ಇರೋ ಎಲ್ಲಾ ಥರ್ಮಾಮೀಟರ್‌ಗಳನ್ನೂ ಮೊದ್ಲು ಒಂದೇ ಬೋಗುಣಿ ನೀರಲ್ಲಿ ಒಟ್ಟಿಗೆ ಅದ್ದಿ ಓದ್ಸಿ. ಒಂದಕ್ಕೊಂದು ಒಂದು ಎರಡು ಡಿಗ್ರಿ ವ್ಯತ್ಯಾಸ ಸಾಮಾನ್ಯವಾಗಿ ಇದ್ದೇ ಇರತ್ತೆ, ಅದನ್ನ ಬರೆದಿಟ್ಕೊಂಡ್ರೆ ಆಮೇಲೆ ಜಗಳ ಇರಲ್ಲ. ಪಾದರಸದ್ದು ಬೇಡವೇ ಬೇಡ, ಒಡೆದ್ರೆ ಕ್ಲಾಸ್‌ರೂಮಲ್ಲಿ ಪಾದರಸ ಹರಡತ್ತೆ. ಕೆಂಪು ಸ್ಪಿರಿಟ್‌ದು ಅಥವಾ ಅಡುಗೆಗೆ ಬಳಸೋ ಡಿಜಿಟಲ್ ಕಡ್ಡಿ ಸಾಕು.

ನೀರು ಕುದೀತಾ ಇರ್ಬೇಕಾಗಿಲ್ಲ, 65 ಡಿಗ್ರಿ ಇದ್ರೆ ಪ್ರಯೋಗ ಚೆನ್ನಾಗೇ ನಡೆಯತ್ತೆ. ಆದ್ರೆ 60 ಡಿಗ್ರಿ ನೀರು ಕೂಡ ಕೆಲವೇ ಸೆಕೆಂಡಲ್ಲಿ ಚರ್ಮ ಸುಡತ್ತೆ ಅನ್ನೋದು ನೆನಪಿರ್ಲಿ, ಸುರಿಯೋ ಕೆಲಸ ನಿಮ್ಮದೇ, ಮಕ್ಕಳದ್ದಲ್ಲ. ಯಾರಿಗಾದ್ರೂ ತಗುಲಿದ್ರೆ ತಕ್ಷಣ ನಲ್ಲಿ ಕೆಳಗೆ 20 ನಿಮಿಷ ತಣ್ಣೀರು ಬಿಡಿ, ಟೂತ್‌ಪೇಸ್ಟು ಇಂಕು ಹಚ್ಚೋದು ಬೇಡ, ಬೊಬ್ಬೆ ಬಂದ್ರೆ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ.

ಕೊನೇದಾಗಿ ಎಲ್ಲಾ ಲೋಟಕ್ಕೂ ಸರಿಯಾಗಿ ಒಂದೇ ಬಿಸಿ ಸಿಗೋದು ಕಷ್ಟ, ಮೊದಲ ಲೋಟಕ್ಕೆ ಹಾಕಿ ಎಂಟನೇದಕ್ಕೆ ಬರೋ ಹೊತ್ತಿಗೆ ನೀರು ಇಳಿದಿರತ್ತೆ. ಬಿಸಿ ಜಾಸ್ತಿ ಇದ್ದಷ್ಟೂ ಬೇಗ ಇಳಿಯತ್ತೆ, ಕೋಣೆಯ ಬಿಸಿಗೂ ನೀರಿನ ಬಿಸಿಗೂ ಎಷ್ಟು ಅಂತರವೋ ಅಷ್ಟು ವೇಗ ಅಂತ ನ್ಯೂಟನ್ 1701ರಲ್ಲೇ ಹೇಳಿದ್ದು ಇದನ್ನೇ. ಅದಕ್ಕೆ '20 ನಿಮಿಷಕ್ಕೆ ಎಷ್ಟು ಇಳೀತು' ಅಂತ ಕೇಳೋ ಬದಲು '60ರಿಂದ 50ಕ್ಕೆ ಇಳಿಯೋಕೆ ಎಷ್ಟು ನಿಮಿಷ' ಅಂತ ಕೇಳಿ. ಆಗ ಯಾವ ಲೋಟ ಯಾವಾಗ ಶುರುವಾದ್ರೂ ತೊಂದರೆ ಇಲ್ಲ, ನೀರಿನ ಅಳತೆ ಮಾತ್ರ ಎಲ್ಲಕ್ಕೂ ಒಂದೇ ಇರ್ಲಿ. ಎರಡೆರಡು ನಿಮಿಷಕ್ಕೆ ಬರೆದು ಗ್ರಾಫ್ ಹಾಕಿಸಿದ್ರೆ ಮೊದ್ಲು ಕಡಿದಾಗಿ ಆಮೇಲೆ ಸಪಾಟಾಗಿ ಇಳಿಯೋ ಗೆರೆ ಬರತ್ತೆ. ಮತ್ತೆ ಶುರು ಮಾಡೋಕೆ ಮುಂಚೆ ಯಾವುದು ಗೆಲ್ಲತ್ತೆ, ಯಾಕೆ, ಅಂತ ಪ್ರತಿಯೊಬ್ಬರ ಕೈಲೂ ಒಂದು ಸಾಲು ಬರೆಸಿಟ್ಕೊಳಿ. ಊಹೆ ಬರೆದ ಮಗು ಫಲಿತಾಂಶಕ್ಕೆ ಕಾಯತ್ತೆ, ಬರೀದ ಮಗು ಬೆಲ್ಲಿಗೆ ಕಾಯತ್ತೆ.

ಪ್ರಶ್ನೆ: ಸರ್, ನಾನು ಎಂಟನೇ ಕ್ಲಾಸ್, ತುಮಕೂರು ಜಿಲ್ಲೆ. ಗಾಳಿ ತುಂಬಾ ಒಳ್ಳೆ ನಿರೋಧಕ ಅಂತ ನಮ್ಮ ಮಿಸ್ ಹೇಳಿದ್ರು. ಹಾಗಾದ್ರೆ ಲೋಟ ಮತ್ತೆ ಡಬ್ಬದ ಮಧ್ಯೆ ಏನೂ ತುಂಬದೆ ಗಾಳಿ ಮಾತ್ರ ಬಿಟ್ರೆ ಅದೇ ಗೆಲ್ಲಬೇಕಿತ್ತಲ್ವಾ? ನಾವು ಮಾಡಿದಾಗ ತೆಂಗಿನ ನಾರು ಗೆಲ್ತು.

ಉತ್ತರ: ಶಭಾಷ್! ಇಡೀ ಪಾಠದ ಜೀವ ಇರೋದೇ ನಿನ್ನ ಈ ಪ್ರಶ್ನೇಲಿ. ಗಾಳಿ ಅಲ್ಲಾಡದೆ ನಿಂತಿದ್ರೆ ನಿನ್ನ ಮಾತು ಸರಿ. ಒಂದು ವಸ್ತು ಬಿಸಿನ ಎಷ್ಟು ಸುಲಭವಾಗಿ ಸಾಗಿಸತ್ತೆ ಅನ್ನೋದಕ್ಕೆ ಒಂದು ಅಂಕಿ ಇದೆ, ಉಷ್ಣವಾಹಕತೆ ಅಂತ. ನಿಂತ ಗಾಳಿಗೆ ಅದು ಸುಮಾರು 0.025, ಉಣ್ಣೆ ಹತ್ತಿ ನಾರು ಥರ್ಮಾಕೋಲಿಗೆ 0.03ರಿಂದ 0.05ರ ಆಸುಪಾಸು, ನೀರಿಗೆ 0.6, ಸ್ಟೇನ್‌ಲೆಸ್ ಸ್ಟೀಲಿಗೆ 15ರ ಹತ್ರ, ಅಲ್ಯೂಮಿನಿಯಂಗೆ 200ಕ್ಕೂ ಮೇಲೆ. ಗಾಳಿನ ಮೀರಿಸೋ ನಾರೇ ಇಲ್ಲ ಆ ಪಟ್ಟೀಲಿ.

ಆದ್ರೆ ಗಾಳಿ ನಿಲ್ಲಲ್ವಲ್ಲ! ಲೋಟದ ಮೈ ಮುಟ್ಟಿದ ಗಾಳಿ ಬಿಸಿಯಾಗಿ ಹಗುರಾಗಿ ಮೇಲೆ ಹೋಗತ್ತೆ, ಡಬ್ಬದ ತಣ್ಣನೆ ಗೋಡೆ ಹತ್ರ ತನ್ನ ಬಿಸಿ ಕೊಟ್ಟು ಕೆಳಗಿಳಿದು ಮತ್ತೆ ಲೋಟದ ಹತ್ರ ಬರತ್ತೆ, ಸುತ್ತು ಹಾಕ್ತಾ ಹಾಕ್ತಾ ಬಿಸಿನ ಹೊರಗೆ ಸಾಗಿಸ್ತಾನೇ ಇರತ್ತೆ. ಇದೇ ಸಂವಹನ. ಜೊತೆಗೆ ಖಾಲಿ ಜಾಗದಲ್ಲಿ ವಿಕಿರಣಕ್ಕೂ ಅಡ್ಡಿ ಇಲ್ಲ. ನಾರು ತುಂಬಿದಾಗ ಗಾಳಿ ಸಾವಿರಾರು ಸಣ್ಣ ಸಣ್ಣ ಸಂದಿಗಳಲ್ಲಿ ಸಿಕ್ಕಿಹಾಕ್ಕೊಳತ್ತೆ, ಸುತ್ತೋಕೆ ಆಗಲ್ಲ, ವಿಕಿರಣಕ್ಕೂ ಎಳೆ ಎಳೆ ಅಡ್ಡ ಬರತ್ತೆ. ಅಂದ್ರೆ ಗೆದ್ದಿದ್ದು ಗಾಳಿನೇ ಕಣಪ್ಪ, ನಾರು ಅದನ್ನ ಹಿಡ್ಕೊಂಡು ಕೂತಿತ್ತು. ಥರ್ಮಾಕೋಲ್ ತಗೋ, ಅದರಲ್ಲಿ 98 ಪಾಲು ಗಾಳಿನೇ, ಉಳಿದ ಎರಡು ಪಾಲು ಪ್ಲಾಸ್ಟಿಕ್ಕು ಆ ಗಾಳಿಗೆ ಕೋಣೆ ಕಟ್ಟಿಕೊಟ್ಟಿದೆ ಅಷ್ಟೇ.

ನೀನು ಮುಂದೆ ಮಾಡ್ಬೇಕಾಗಿರೋದು ಎರಡು ಕೆಲಸ. ಎರಡು ಡಬ್ಬ ತಗೊಂಡು ಒಂದಕ್ಕೆ ನಾರನ್ನ ಸಡಿಲವಾಗಿ ಉದುರಿಸಿ ತುಂಬು, ಇನ್ನೊಂದಕ್ಕೆ ಸೌದೆ ಕೋಲಲ್ಲಿ ಒತ್ತಿ ಒತ್ತಿ ಗಟ್ಟಿಯಾಗಿ ತುಂಬು, ಯಾವುದು ಗೆಲ್ಲತ್ತೆ ನೋಡು. ಗಾಳಿ ಇರ್ಬೇಕಾದ ಜಾಗನ ನಾರೇ ತುಂಬ್ಕೊಂಡಾಗ ಏನಾಗತ್ತೆ ಅಂತ ನೀನೇ ಹೇಳು. ಎರಡನೇದು, ಸಡಿಲವಾಗಿ ತುಂಬಿದ ನಾರಿಗೆ ಸ್ವಲ್ಪ ನೀರು ಚಿಮುಕಿಸಿ ಮತ್ತೆ ಮಾಡು. ನೀರು ಗಾಳಿಗಿಂತ ಸುಮಾರು 24 ಪಟ್ಟು ಚೆನ್ನಾಗಿ ಬಿಸಿ ಸಾಗಿಸತ್ತೆ, ಮಳೇಲಿ ಒದ್ದೆಯಾದ ಸ್ವೆಟರ್ ಹಾಕ್ಕೊಂಡು ನಡುಗಿದ್ದು ನೆನಪಿದೆಯಾ? ನಿಮ್ಮ ತಿಪಟೂರು ಗುಬ್ಬಿ ಕಡೆ ನಾರಿಗೇನು ಬರ, ಧಾರಾಳವಾಗಿ ಮಾಡಿ ಫಲಿತಾಂಶ ನನಗೆ ಬರಿ. ನಿನ್ನ ಊಹೆ ತಪ್ಪಾಗಿದ್ರೆ ಅದನ್ನೂ ಬರಿ.

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೇಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡ್ತೀನಿ. ಇಷ್ಟು ಚಿಕ್ಕ ಮಕ್ಕಳ ಮಧ್ಯೆ ಬಿಸಿನೀರು ಇಡೋಕೆ ಭಯ. ಬೇರೆ ದಾರಿ ಇದೆಯಾ?

ಉತ್ತರ: ಇದೆ, ಮತ್ತೆ ನನ್ನ ಕೇಳಿದ್ರೆ ಅದು ಬಿಸಿನೀರಿಗಿಂತ ಚೆನ್ನಾಗಿದೆ. ಐಸ್ ತನ್ನಿ. ಒಂದೇ ಅಚ್ಚಿನ ಐಸ್ ಗಡ್ಡೆಗಳನ್ನ ಒಂದೊಂದು ಸಣ್ಣ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ, ಆಗ ಕರಗಿದ ನೀರು ಸುತ್ತಿದ ವಸ್ತುನ ಒದ್ದೆ ಮಾಡಲ್ಲ. ಒಂದನ್ನ ತಟ್ಟೇಲಿ ಬರಿದೇ ಇಡಿ, ಇನ್ನೊಂದನ್ನ ಕಂಬಳಿಲಿ ದಪ್ಪವಾಗಿ ಸುತ್ತಿಡಿ. ಸುತ್ತೋಕೆ ಮುಂಚೆ ಕೇಳಿ, ಯಾವುದು ಮೊದ್ಲು ಕರಗತ್ತೆ ಮಕ್ಕಳೇ? ಹತ್ತರಲ್ಲಿ ಎಂಟು ಕೈ ಕಂಬಳಿಗೆ ಏಳತ್ತೆ. ಕಂಬಳಿ ಬೆಚ್ಚಗಿರತ್ತಲ್ಲ ಮಿಸ್, ಐಸ್ ಬೇಗ ಕರಗಿಹೋಗತ್ತೆ ಅಂತಾರೆ. ತುಂಬಾ ದೊಡ್ಡವರೂ ಹಂಗೇ ಹೇಳ್ತಾರೆ, ನಾನು ಕೇಳಿ ನೋಡಿದೀನಿ. ಅರ್ಧ ಮುಕ್ಕಾಲು ಗಂಟೆ ಆದ್ಮೇಲೆ ಕಂಬಳಿ ಬಿಚ್ಚಿಸಿ, ಬರೀ ಐಸ್ ನೀರಾಗಿರತ್ತೆ, ಕಂಬಳಿ ಒಳಗಿನದು ಇನ್ನೂ ಗಟ್ಟಿಯಾಗಿ ಕೂತಿರತ್ತೆ. ಆ ಕ್ಷಣಕ್ಕೆ ಕ್ಲಾಸಲ್ಲಿ ಒಂದು ನಿಶ್ಶಬ್ದ ಬರತ್ತಲ್ಲ, ಅದಕ್ಕೋಸ್ಕರವೇ ನಾನು ಈ ಪ್ರಯೋಗನ ವರ್ಷ ವರ್ಷ ಮಾಡ್ಸಿದ್ದು.

ಕಂಬಳಿ ಬಿಸಿ ಹುಟ್ಟಿಸಲ್ಲ, ನಮ್ಮ ಮೈ ಬಿಸಿ ಹೊರಗೆ ಹೋಗದ ಹಾಗೆ ತಡೆಯತ್ತೆ ಅಂತ ಎಷ್ಟು ಸಲ ಹೇಳಿದ್ರೂ ಹೋಗದೇ ಇರೋ ಕಲ್ಪನೆ ಆ ಒಂದು ಗಡ್ಡೆ ಐಸಿಂದ ಹೋಗತ್ತೆ. ನಿಮ್ಮ ಚಳ್ಳಕೆರೆ ಸೀಮೆ ಕಂಬಳಿ ನೇಯೋ ನಾಡು, ಮಕ್ಕಳಲ್ಲಿ ಎಷ್ಟೋ ಜನ ಕುರಿ ಕಾಯೋ ಮನೆಯವರೇ ಇರ್ತಾರೆ. ಅವರಿಗೆ ಇನ್ನೊಂದು ಪ್ರಶ್ನೆ ಹಾಕಿ, ನಿಮ್ಮ ತಾತ ಚಳಿಗೂ ಕಂಬಳಿ ಹೊದೀತಾರೆ, ಮಳೆಗೂ ಕೊಪ್ಪೆ ಹಾಕ್ಕೋತಾರೆ, ಉರಿಬಿಸಿಲಲ್ಲೂ ತಲೆ ಮೇಲೆ ಹಾಕ್ಕೊಂಡು ಹೋಗ್ತಾರಲ್ಲ, ಬಿಸಿಲಲ್ಲಿ ಯಾಕೆ? ಮನೇಲಿ ತಾತನ್ನ ಕೇಳ್ಕೊಂಡು ಬನ್ನಿ ಅನ್ನಿ. ಬಿಸಿ ಒಳಗಿಂದ ಹೊರಗೆ ಹೋಗೋಕೂ ಕಂಬಳಿ ಬಿಡಲ್ಲ, ಹೊರಗಿಂದ ಒಳಗೆ ಬರೋಕೂ ಬಿಡಲ್ಲ ಅನ್ನೋದು ಆಗ ಅವರ ಮನೆ ಮಾತಾಗೇ ಬರತ್ತೆ.

ಕಥೆ ಬೇಕಂದ್ರೆ ಐಸಿನ ಹಡಗಿನ ಕಥೆ ಹೇಳಿ. ಫ್ರಿಜ್ ಇಲ್ಲದ ಕಾಲ, 1833. ಅಮೆರಿಕಾದ ಬೋಸ್ಟನ್ನಿಂದ ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಚಳಿಗಾಲದಲ್ಲಿ ಕೆರೆಗಳಲ್ಲಿ ಹೆಪ್ಪುಗಟ್ಟಿದ ಐಸನ್ನ ಕೊಯ್ಸಿ ಹಡಗಿಗೆ ತುಂಬಿ ಕಲ್ಕತ್ತಾಕ್ಕೆ ಕಳಿಸ್ದ. ಸುಮಾರು 180 ಟನ್ ಹೊರಟಿತ್ತು, ನಾಲ್ಕು ತಿಂಗಳು ಸಮುದ್ರದಲ್ಲಿ ಸಮಭಾಜಕ ರೇಖೆನ ಎರಡು ಸಲ ದಾಟಿ ಕಲ್ಕತ್ತಾ ಮುಟ್ಟಿದಾಗ ಇನ್ನೂ 100 ಟನ್ ಆಸುಪಾಸು ಉಳಿದಿತ್ತು. ಆ ಐಸ್ ವ್ಯಾಪಾರಕ್ಕೆ ಬೆನ್ನಿಗೆ ನಿಂತಿದ್ದು ಮರ ಕೊಯ್ದ ಪುಡಿ, ಸಾಮಿಲ್ಲುಗಳಲ್ಲಿ ಕಸ ಅಂತ ಬಿಸಾಕ್ತಿದ್ದಿದ್ದು. ಅದೇ ಅಮೆರಿಕಾ ಐಸ್ ಇಡೋಕೆ ಅಂತ ಮದ್ರಾಸಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸ್ ಮರೀನಾ ಬೀಚ್ ಎದುರಿಗೆ ಈಗ್ಲೂ ಇದೆ, ವಿವೇಕಾನಂದರು ಅಲ್ಲಿ ತಂಗಿದ್ರು ಅಂತ ಅವರ ಹೆಸರನ್ನೇ ಇಟ್ಟಿದಾರೆ. ನಮ್ಮೂರ ಸಂತೇಲಿ ಐಸ್ ಗಡ್ಡೆ ಮಾರೋರು ಅದಕ್ಕೆ ಹೊಟ್ಟು ಹಾಕಿ ಗೋಣಿಚೀಲ ಮುಚ್ಚಿರ್ತಾರಲ್ಲ, ವಿದ್ಯೆ ಅದೇನೇ.

ಪ್ರಶ್ನೆ: ಫಾಯಿಲ್ ಪೇಪರ್ ಸುತ್ತುವಾಗ ಹೊಳೆಯೋ ಮುಖ ಒಳಗಿರ್ಬೇಕಾ ಹೊರಗಿರ್ಬೇಕಾ? ನಮ್ಮ ಗುಂಪಲ್ಲಿ ಇದೇ ಜಗಳ. (ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಹೆಂಗಿದ್ರೂ ಹತ್ರಹತ್ರ ಒಂದೇ, ಎರಡು ಮುಖದ ನಡುವಿನ ವ್ಯತ್ಯಾಸ ನಿಮ್ಮ ಥರ್ಮಾಮೀಟರ್‌ಗೆ ಸಿಗೋ ಅಷ್ಟಿಲ್ಲ. ಜಗಳ ಆಡ್ಬೇಕಾಗಿರೋದು ಬೇರೆ ವಿಷಯಕ್ಕೆ. ಫಾಯಿಲ್ ಅಲ್ಯೂಮಿನಿಯಂ, ಅದು ಬಿಸಿನ ವಹನದಲ್ಲಿ (ಒಂದಕ್ಕೊಂದು ತಾಗಿರೋ ವಸ್ತುಗಳ ಮೂಲಕ ಬಿಸಿ ಸಾಗೋದು) ಸಲೀಸಾಗಿ ದಾಟಿಸಿಬಿಡತ್ತೆ, ತಡೆಯೋದು ವಿಕಿರಣನ ಮಾತ್ರ. ಆ ಕೆಲಸ ಮಾಡ್ಬೇಕಾದ್ರೆ ಅದರ ಒಂದು ಮುಖದ ಮುಂದಾದ್ರೂ ಗಾಳಿ ಅಥವಾ ಖಾಲಿ ಜಾಗ ಇರ್ಬೇಕು. ಎರಡೂ ಕಡೆ ಬಟ್ಟೆ ಒತ್ತಿ ಮಧ್ಯೆ ಫಾಯಿಲ್ ಇಟ್ರೆ ದುಡ್ಡು ದಂಡ. ಬಟ್ಟೆ ದಪ್ಪವಾಗಿ ಸುತ್ತಿ ಅದರ ಹೊರಗೆ ಒಂದು ಸುತ್ತು ಫಾಯಿಲ್ ಹಾಕಿ ನೋಡಿ, ಹಾಕದೇ ಇರೋದಕ್ಕೆ ಹೋಲಿಸಿ. 1892ರಲ್ಲಿ ಜೇಮ್ಸ್ ಡ್ಯೂವಾರ್ ಮಾಡಿದ ಫ್ಲಾಸ್ಕ್ ಕೂಡ ಇದೇ ದಾರಿ ಹಿಡಿದದ್ದು, ಎರಡು ಗಾಜಿನ ಗೋಡೆ ನಡುವಿನ ಗಾಳಿ ತೆಗೆದು ವಹನ ಸಂವಹನ ಎರಡನ್ನೂ ನಿಲ್ಲಿಸಿ, ಉಳಿದ ವಿಕಿರಣಕ್ಕೆ ಬೆಳ್ಳಿ ಲೇಪನ. ಮನೇಲಿ ಒಡೆದ ಹಳೇ ಫ್ಲಾಸ್ಕ್ ಇದ್ರೆ ಗಾಜು ಹುಷಾರು, ಲೆಕ್ಚರರ್ ಕೈಲೇ ತೋರಿಸ್ಕೊಳಿ.

ಪ್ರಶ್ನೆ: ಪ್ರದರ್ಶನಕ್ಕೆ ಹಾರ್ಡ್‌ವೇರ್ ಅಂಗಡೀಲಿ ಸಿಗೋ ಗ್ಲಾಸ್‌ವುಲ್ ಬಳಸಬಹುದಾ?

ಉತ್ತರ: ಮಕ್ಕಳ ಕೈಗೆ ಬೇಡ. ಗಾಜಿನ ಸಣ್ಣ ಎಳೆಗಳು ಚರ್ಮಕ್ಕೆ ಚುಚ್ಚಿ ತುರಿಕೆ ಆಗತ್ತೆ, ಕಣ್ಣಿಗೆ ಗಂಟಲಿಗೆ ಹೋದ್ರೆ ಉರಿ. ಭತ್ತದ ಹೊಟ್ಟು ಪುಕ್ಕಟೆ ಸಿಗೋವಾಗ ಅದರ ಅಗತ್ಯಾನೂ ಇಲ್ಲ. ಥರ್ಮಾಕೋಲನ್ನ ಬ್ಲೇಡಲ್ಲಿ ದೊಡ್ಡೋರು ಕೊಯ್ದು ಕೊಡಿ, ಬಿಸಿ ತಂತೀಲಿ ಕೊಯ್ದು ಆ ಹೊಗೆ ಕುಡಿಯೋದು ಬೇಡ.

ಪ್ರಶ್ನೆ: ಮಡಕೆ ನೀರು ತಣ್ಣಗಿರೋದು ಮಣ್ಣು ನಿರೋಧಕ ಅಂತ ಅಲ್ವಾ? ಮಗಳು ಪರೀಕ್ಷೇಲಿ ಹಂಗೇ ಬರೆದು ಮಾರ್ಕ್ಸ್ ಕಳ್ಕೊಂಡ್ಳು.

ಉತ್ತರ: ನಿರೋಧಕ ಆಗಿದ್ರೆ ಹೊರಗಿನ ಬಿಸಿ ಬೇಗ ಒಳಗೆ ಬರ್ತಿರ್ಲಿಲ್ಲ ಅಷ್ಟೇ, ನೀರು ಕೋಣೆಗಿಂತ ತಣ್ಣಗೆ ಆಗೋಕೆ ಸಾಧ್ಯ ಇರ್ಲಿಲ್ಲ. ಮಡಕೆ ಮೈಯಿಂದ ನೀರು ಜಿನುಗಿ ಆವಿಯಾಗತ್ತೆ, ಮೊದಲ ಉತ್ತರದಲ್ಲಿ ಹೇಳಿದ ಒಂದು ಗ್ರಾಮಿನ ಲೆಕ್ಕ ಇಲ್ಲೂ ಕೆಲಸ ಮಾಡತ್ತೆ. ವಿಜಯಪುರದ ಒಣ ಹವೇಲಿ ಮಡಕೆ ಚೆನ್ನಾಗಿ ತಣ್ಣಗೆ ಮಾಡತ್ತೆ, ಮಂಗಳೂರಿನ ತೇವದಲ್ಲಿ ಅಷ್ಟು ಮಾಡಲ್ಲ. ಮಗಳಿಗೆ ಹೇಳಿ, ಒಂದು ಮಡಕೆನ ಹೊರಗಡೆಯಿಂದ ಪ್ಲಾಸ್ಟಿಕ್ ಕವರಲ್ಲಿ ಪೂರ್ತಿ ಮುಚ್ಚಿಟ್ಟು ಮಾರನೇ ದಿನ ಎರಡರ ನೀರೂ ಕುಡಿದು ನೋಡ್ಲಿ.

ಪ್ರಶ್ನೆ: ನಮ್ಮದು ರಾಯಚೂರು, ತಗಡಿನ ಶೀಟ್ ಮನೆ, ಏಪ್ರಿಲ್ ಮೇನಲ್ಲಿ ಒಳಗೆ ಕೂರೋಕಾಗಲ್ಲ. ಮಗ ಒಂಬತ್ತನೇ ಕ್ಲಾಸು, ಈ ನಿರೋಧಕದ ಪಾಠ ನಮ್ಮ ಮನೆಗೆ ಉಪಯೋಗ ಆಗೋ ಥರ ಪ್ರಾಜೆಕ್ಟ್ ಮಾಡಬಹುದಾ?

ಉತ್ತರ: ಖಂಡಿತ ಮಾಡ್ಲಿ, ಇಂಥ ಪ್ರಾಜೆಕ್ಟ್ ನೋಡೋಕೆ ನನಗೆ ಆಸೆ. ಮೂರು ಒಂದೇ ಅಳತೆಯ ರಟ್ಟಿನ ಡಬ್ಬ, ಮೂರಕ್ಕೂ ಒಂದೇ ಹಳೇ ತಗಡಿನ ಚಾವಣಿ. ಒಂದನ್ನ ಹಾಗೇ ಬಿಡ್ಲಿ, ಎರಡನೇದರ ತಗಡಿನ ಮೇಲೆ ದಪ್ಪ ಸುಣ್ಣ ಎರಡು ಕೋಟ್ ಬಳೀಲಿ, ಮೂರನೇದರ ಒಳಗೆ ತಗಡಿನ ಕೆಳಗೆ ಒಂದು ಅಂಗುಲ ಬಿಟ್ಟು ಥರ್ಮಾಕೋಲ್ ಸೀಲಿಂಗ್ ಕೂರ್ಸ್ಲಿ. 11 ಗಂಟೆಯಿಂದ 3 ಗಂಟೆವರೆಗೆ ಬಿಸಿಲಲ್ಲಿಟ್ಟು ಅರ್ಧ ಗಂಟೆಗೊಮ್ಮೆ ಒಳಗಿನ ಬಿಸಿ ಬರೀಲಿ, ಅಲ್ಲಿಗೇ ನಿಲ್ಲಿಸದೆ ಸಂಜೆ 6ರಿಂದ 9ರವರೆಗೂ ಬರೀಲಿ. ಹಗಲಲ್ಲಿ ಯಾವುದು ತಂಪು, ರಾತ್ರಿ ಯಾವುದು ಬೇಗ ತಂಪಾಗತ್ತೆ, ಇವೆರಡಕ್ಕೂ ಉತ್ತರ ಒಂದೇ ಆಗಿರ್ಬೇಕು ಅಂತೇನಿಲ್ಲ, ಅದನ್ನ ಅವನೇ ಕಂಡುಹಿಡೀಲಿ.

ನಿಮ್ಮ ಮನೆಗೆ ನಾನು ಹೇಳೋದು ಮೊದ್ಲು ಸುಣ್ಣ. ಬಿಸಿಲು ತಗಡಿನೊಳಗೆ ಬಿಸಿಯಾಗಿ ಇಳಿಯೋಕೆ ಮುಂಚೇನೇ ಬಿಳಿ ಬಣ್ಣ ಅದರ ದೊಡ್ಡ ಪಾಲನ್ನ ವಾಪಸ್ ಕಳಿಸತ್ತೆ, ಖರ್ಚೂ ಕಮ್ಮಿ. ಮಳೆಗೆ ತೊಳ್ಕೊಂಡು ಹೋಗತ್ತೆ, ಹಾಗಾಗಿ ಪ್ರತಿ ವರ್ಷ ಮಾರ್ಚ್‌ನಲ್ಲಿ ಬಳೀಬೇಕು. ಹುಲ್ಲು ಸೋಗೆ ಹಾಕೋದು ಒಳ್ಳೇದೇ ಆದ್ರೂ ಒಲೆ ಇರೋ ಕಡೆ ಬೆಂಕಿ ಭಯ. ನಿಮ್ಮದು ತಗಡಲ್ಲ, ಹಳೇ ಕಲ್ನಾರಿನ ಸಿಮೆಂಟ್ ಶೀಟ್ ಆಗಿದ್ರೆ ಮಾತ್ರ ಅದನ್ನ ಕೊರೆಯೋದು ಕೊಯ್ಯೋದು ತಿಕ್ಕೋದು ಯಾವುದೂ ಮಾಡ್ಬೇಡಿ, ಆ ಧೂಳು ಶ್ವಾಸಕೋಶಕ್ಕೆ ಅಪಾಯ. ಮತ್ತೆ ಮಗನ್ನ ಮಟಮಟ ಮಧ್ಯಾಹ್ನ ಶೀಟ್ ಮೇಲೆ ಹತ್ತಿಸ್ಬೇಡಿ.

ಪ್ರಶ್ನೆ: ಮಡಿಕೇರಿಯಿಂದ ಒಬ್ಬ ತಾಯಿ. ಶಾಲೇಲಿ ಥರ್ಮಾಮೀಟರ್ ಮನೆಗೆ ಕೊಡಲ್ಲ, ಮನೇಲಿ ಥರ್ಮಾಮೀಟರ್ ಇಲ್ಲದೆ ಮಗು ಏನಾದ್ರೂ ಮಾಡಬಹುದಾ?

ಉತ್ತರ: ಮೊಸರು ಮಾಡ್ಲಿ! ಡಿಸೆಂಬರ್ ಚಳೀಲಿ ನಿಮ್ಮ ಕಡೆ ಹೆಪ್ಪು ಕೂರೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಹಾಲನ್ನ ಕಾಯಿಸಿ ಉಗುರುಬೆಚ್ಚಗೆ ಆಗೋವರೆಗೆ ಆರಿಸಿ, 40 ಡಿಗ್ರಿ ಆಸುಪಾಸು, ಬೆರಳು ಅದ್ದಿದ್ರೆ ಹಿತವಾಗಿ ಬೆಚ್ಚಗಿರ್ಬೇಕು. ನಾಲ್ಕು ಸಣ್ಣ ಬಟ್ಟಲಿಗೆ ಸಮನಾಗಿ ಸುರಿದು ಒಂದೊಂದು ಚಮಚ ಹೆಪ್ಪು ಹಾಕಿ ಮುಚ್ಚಳ ಮುಚ್ಚಿ. ಒಂದು ಕಟ್ಟೆ ಮೇಲೆ ಬರಿದೇ, ಒಂದು ಟರ್ಕಿ ಟವೆಲಲ್ಲಿ, ಒಂದು ಅಕ್ಕಿ ಡಬ್ಬದ ನಡುವೆ ಹೂತು, ಒಂದು ನೀರು ತುಂಬಿದ ಪಾತ್ರೆ ಒಳಗೆ. ರಾತ್ರಿ ಮಲಗೋಕೆ ಮುಂಚೆ ಯಾವುದು ಗಟ್ಟಿ ಆಗತ್ತೆ ಅಂತ ಮಗು ಒಂದು ಚೀಟೀಲಿ ಬರೆದಿಡ್ಲಿ, ಬೆಳಿಗ್ಗೆ ಬಟ್ಟಲನ್ನ ಒಂದೊಂದಾಗಿ ಓರೆ ಮಾಡಿ ನೋಡ್ಲಿ. ಹಾಲು ಹರಿದು ಬಂದ್ರೆ ಆ ಬಟ್ಟಲು ರಾತ್ರಿ ಬೇಗ ತಣ್ಣಗಾಗಿತ್ತು, ಅಲ್ಲಾಡದೆ ನಿಂತ್ರೆ ಬಿಸಿ ಉಳ್ಕೊಂಡಿತ್ತು. ಹಳ್ಳಿ ಮನೆಗಳಲ್ಲಿ ಅಜ್ಜಿಯರು ಹೆಪ್ಪಿನ ಪಾತ್ರೆನ ಅಕ್ಕಿ ಡಬ್ಬದಲ್ಲಿ ಹೂತಿಡ್ತಿದ್ರು. ಕಾಳು ಕಾಳಿನ ಮಧ್ಯೆ ಎಷ್ಟು ಗಾಳಿ ಇರತ್ತೆ ಅಂತ ನೋಡೋಕೆ ಒಂದು ಲೋಟ ಅಕ್ಕಿಗೆ ಮಗು ಚಮಚ ಚಮಚ ನೀರು ಹಾಕ್ಲಿ, ಅಕ್ಕಿ ಮಟ್ಟಕ್ಕೆ ನೀರು ಬರೋವರೆಗೆ ಎಷ್ಟು ಚಮಚ ಹಿಡೀತು ಅಂತ ಎಣಿಸ್ಲಿ. ಆ ಅಕ್ಕೀನ ಮಧ್ಯಾಹ್ನ ಅನ್ನಕ್ಕೆ ಇಟ್ಟುಬಿಡಿ.